ಪೆಟ್ಟಿ ಕೇಸು ಹಾಕಿದರೆ ಸರಗಳ್ಳತನ ನಿಲ್ಲುತ್ತದೆಯೇ?

"ಲಾಯರ್ ಸಾರ್, ರಾತ್ರಿ ಹತ್ತಕ್ಕೆ ಗಾಡಿ-ಅಂಗಡಿ ಎಲ್ಲಾ ಎತ್ತಿಸಿ, ಮೂಲೇಲಿ ನಿಂತಿರೋ ಹುಡುಗರಿಗೆ ನಾಲ್ಕು ಬಿಗಿದ್ರೆ ಸರಗಳ್ಳತನ ತಾನಾಗೇ ನಿಲ್ಲಲ್ವಾ?"

ಕೋಲಾರದ ಕೋರ್ಟಿನ ಮುಂದೆ, ಮದುವೆ ಮನೆಯ ಊಟದ ಸಾಲಿನಲ್ಲಿ, ಎಲ್ಲಿ ಹೋದರೂ ಈ ಪ್ರಶ್ನೆ ನನಗೆ ಎದುರಾಗುತ್ತದೆ. ನಿಲ್ಲುವುದಿಲ್ಲ ಎಂಬುದೇ ನನ್ನ ಉತ್ತರ. ಹಾಗಂತ ಕೇಳುವವರ ಭಯ ಸುಳ್ಳಲ್ಲ. ಕುಡಿದವರು ಗಲಾಟೆ ಮಾಡುವ ರಸ್ತೆಯಲ್ಲಿ ಸಂಜೆ ಮೇಲೆ ಹೆಣ್ಣುಮಕ್ಕಳು ಓಡಾಡುವುದು ಕಷ್ಟವೇ.

ಬಸ್ ನಿಲ್ದಾಣದ ಹತ್ತಿರ ಟೀ ಗಾಡಿ ಇಟ್ಟುಕೊಂಡ ಒಬ್ಬರಿದ್ದಾರೆ. ರಸ್ತೆಗೆ ಅಡ್ಡಿ ಅಂತ ಒಂದೇ ತಿಂಗಳಲ್ಲಿ ಅವರ ಮೇಲೆ ಮೂರು ಪೆಟ್ಟಿ ಕೇಸು, ಅಂದರೆ ಸಣ್ಣ ತಪ್ಪಿನ ಕೇಸು, ಬಿದ್ದವು. ಒಂದೊಂದು ಸಲಕ್ಕೂ ದಂಡ, ಅದರ ಮೇಲೆ ಅರ್ಧ ದಿನದ ವ್ಯಾಪಾರ ನಷ್ಟ. ದಂಡ ಕಟ್ಟುವ ಸಾಲಿನಲ್ಲಿ ನಿಂತವರ ಅಂಗಿಯಿಂದ ಇನ್ನೂ ಕಾಯಿಸಿದ ಹಾಲಿನ ವಾಸನೆ ಬರುತ್ತಿತ್ತು. ಮುಂದಿನ ತಿಂಗಳು ಅವರ ಗಾಡಿಯ ಎದುರೇ ಬೈಕಿನಲ್ಲಿ ಬಂದವರು ಒಬ್ಬ ಹೆಂಗಸಿನ ಮಾಂಗಲ್ಯದ ಸರ ಕಿತ್ತುಕೊಂಡು ಹೋದರು. ಬೈಕಿನ ನಂಬರಿನ ಕೊನೆಯ ಎರಡು ಅಂಕಿ ಇವರು ನೋಡಿದ್ದರು. ಹೇಳಿದ್ದು ನನಗೆ, ಪೊಲೀಸರಿಗಲ್ಲ. ಹೇಳಿ ಬನ್ನಿ ಎಂದು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. "ಸಾಕ್ಷಿ ಅಂತ ಓಡಾಡಿಸ್ತಾರೆ ಸಾರ್, ಆಮೇಲೆ ಮತ್ತೆ ನನ್ ಗಾಡಿ ಬುಡಕ್ಕೇ ಬರ್ತಾರೆ."

ದೊಡ್ಡ ಅಪರಾಧ ಪತ್ತೆಯಾಗುವುದು ಬಹುಪಾಲು ಇಂಥವರ ಬಾಯಿಂದ. ಆ ಬಾಯಿಯನ್ನೇ ನಾವು ಕಟ್ಟಿಹಾಕುತ್ತಿದ್ದೇವೆ.

ಸಣ್ಣ ತಪ್ಪನ್ನು ಬಿಗಿ ಹಿಡಿದರೆ ದೊಡ್ಡ ಅಪರಾಧ ನಿಲ್ಲುತ್ತದೆ ಎಂಬ ವಾದದ ಮೂಲ ಅಮೆರಿಕದ್ದು. ಒಡೆದ ಒಂದು ಕಿಟಕಿಯನ್ನು ಹಾಗೇ ಬಿಟ್ಟರೆ, ಈ ಮನೆಗೆ ಹೇಳುವವರು ಕೇಳುವವರು ಇಲ್ಲ ಎಂದುಕೊಂಡು ಜನ ಉಳಿದ ಕಿಟಕಿಗಳಿಗೂ ಕಲ್ಲು ಬೀಸುತ್ತಾರೆ ಎಂದು ಜೇಮ್ಸ್ ವಿಲ್ಸನ್, ಜಾರ್ಜ್ ಕೆಲ್ಲಿಂಗ್ ಎಂಬ ಇಬ್ಬರು ವಿದ್ವಾಂಸರು 1982ರಲ್ಲಿ ಬರೆದರು. 1994ರಿಂದ ನ್ಯೂಯಾರ್ಕ್ ಪೊಲೀಸರು ಸಣ್ಣಪುಟ್ಟ ತಪ್ಪಿಗೂ ಹಿಡಿಯತೊಡಗಿದರು. 1990ರಲ್ಲಿ 2,200 ದಾಟಿದ್ದ ಕೊಲೆಗಳು 1998ಕ್ಕೆ 633 ಆದವು. ಆದರೆ ಅಷ್ಟು ಬಿಗಿ ಮಾಡದ ಇನ್ನೊಂದು ಅಮೆರಿಕನ್ ನಗರ ಸ್ಯಾನ್ ಡಿಯಾಗೋದಲ್ಲೂ ಅದೇ ವರ್ಷಗಳಲ್ಲಿ ಅಪರಾಧ ಇಳಿದಿತ್ತು. 2011ರಲ್ಲಿ ನ್ಯೂಯಾರ್ಕ್ ಪೊಲೀಸರು ಜನರನ್ನು ಬೀದಿಯಲ್ಲಿ ತಡೆದದ್ದು 6.85 ಲಕ್ಷಕ್ಕೂ ಹೆಚ್ಚು ಸಲ. ಹತ್ತರಲ್ಲಿ ಒಂಬತ್ತು ಸಲದ ಹತ್ತಿರ ಯಾವ ತಪ್ಪೂ ಸಿಗಲಿಲ್ಲ. ಹೀಗೆ ಹೆಚ್ಚಾಗಿ ತಡೆಸಿಕೊಂಡವರು ಕಪ್ಪು ಜನ ಮತ್ತು ಲ್ಯಾಟಿನ್ ಅಮೆರಿಕ ಮೂಲದವರು. 2013ರಲ್ಲಿ ನ್ಯಾಯಾಲಯ ಆ ಪದ್ಧತಿ ಸಂವಿಧಾನಬಾಹಿರ ಎಂದಿತು. ತಡೆಯುವುದು ಕುಸಿದ ಮೇಲೆ ಕೊಲೆಗಳು ಏರಲಿಲ್ಲ: 2011ರಲ್ಲಿ 515 ಇದ್ದದ್ದು 2014ರಲ್ಲಿ 333.

ಹಾಗಾದರೆ ಅವ್ಯವಸ್ಥೆಯನ್ನು ಹಾಗೇ ಬಿಡಬೇಕೆ? ಬೇಡ. ಜನರನ್ನು ಹಿಂಡುವ ಬದಲು ಜಾಗವನ್ನು ಸರಿಮಾಡಬೇಕು. ಅಮೆರಿಕದ್ದೇ ಆದ ಫಿಲಡೆಲ್ಫಿಯಾ ನಗರದಲ್ಲಿ ಪಾಳುಬಿದ್ದ ಖಾಲಿ ನಿವೇಶನಗಳ ಕಸ ತೆಗೆದು ಹುಲ್ಲು ಬೆಳೆಸಿದ ಮೇಲೆ, ಕಡುಬಡವರ ಬಡಾವಣೆಗಳಲ್ಲಿ ಬಂದೂಕಿನ ಹಿಂಸೆ ಶೇ. 29ರಷ್ಟು ಕಡಿಮೆಯಾಯಿತು. ನಮ್ಮ ಕರ್ನಾಟಕದಲ್ಲೂ 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು: ಒಂದು ಬೀಟಿಗೆ, ಅಂದರೆ ಗಸ್ತಿನ ಒಂದು ಪ್ರದೇಶಕ್ಕೆ, ಒಬ್ಬ ಪೊಲೀಸ್, ಅವರ ಜೊತೆ ಅಲ್ಲಿನ ನಿವಾಸಿಗಳೇ ಸದಸ್ಯರು. ಆ ಪೊಲೀಸಿನವರಿಗೆ ಟೀ ಗಾಡಿಯವರು ಕೇಸಿನ ಲೆಕ್ಕಕ್ಕೆ ಸಿಗುವ ಹೆಸರಾಗದೆ, ತನ್ನ ಬೀಟಿನ ಕಣ್ಣಾಗಿ ಕಾಣಬೇಕು.

ಸರ ಕಿತ್ತ ಜಾಗದ ಕಂಬದಲ್ಲಿ ಅವತ್ತು ದೀಪ ಉರಿಯುತ್ತಿರಲಿಲ್ಲ. ಗಾಡಿಯ ಮೇಲೆ ಮೂರು ಕೇಸು ಬಿದ್ದಿದ್ದವು, ಆ ದೀಪಕ್ಕಾಗಿ ಯಾರೂ ಒಂದು ಅರ್ಜಿ ಬರೆದಿರಲಿಲ್ಲ. ಸೋಮವಾರ ನಾನೇ ಬರೆದು ಕೊಟ್ಟು ಬಂದೆ.