ಹೆಸರಿನ ಕಾಗುಣಿತ ತಿದ್ದುವ ಅಧಿಕಾರ ಕೌಂಟರಿಗಿಲ್ಲ

ನಾನು ಮಕ್ಕಳ ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಆಸ್ಪತ್ರೆಯವರೆಲ್ಲ ಎಂಆರ್‌ಡಿ ಎಂದು ಕರೆಯುವ ಈ ವಿಭಾಗದ ಕೆಲಸ ಹೊರಗಿನವರಿಗೆ ಫೈಲು ಜೋಡಿಸಿ ಇಡುವ ಕೆಲಸದಂತೆ ಕಾಣುತ್ತದೆ. ಆದರೆ ನಮ್ಮ ಹೆಚ್ಚಿನ ಹೊತ್ತು ಹೋಗುವುದು ಒಂದೇ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ: ಇಂದು ಬಂದಿರುವ ಮಗು, ಹಿಂದೊಮ್ಮೆ ಹೆಚ್ಚುಕಡಿಮೆ ಇದೇ ಹೆಸರಿನಲ್ಲಿ ಬಂದಿದ್ದ ಮಗುವೇ ಹೌದೇ, ಅಥವಾ ಬೇರೆಯೇ? ಈ ಪ್ರಶ್ನೆಯ ಜೊತೆ ಬಹಳ ಕಾಲ ಕಳೆದ ಮೇಲೆ ನನಗೆ ಖಚಿತವಾಗಿರುವ ಮಾತೊಂದಿದೆ. ಮಗುವಿನ ಹೆಸರನ್ನು ತಂದೆತಾಯಿ ಎಷ್ಟೇ ಹೊಸ ರೀತಿಯಲ್ಲಿ ಬರೆದರೂ ಅದರಿಂದ ದಾಖಲೆ ಕೆಡುವುದಿಲ್ಲ. ಆ ಬರಹವನ್ನು ಕಂಡ ನಮ್ಮಂಥವರು ‘ಇದು ತಪ್ಪಿರಬೇಕು’ ಎಂದುಕೊಂಡು ಯಾರನ್ನೂ ಕೇಳದೆ ತಿದ್ದಿದಾಗ ಕೆಡುತ್ತದೆ.

ಅಪರೂಪದ ಕಾಗುಣಿತ ಎಂದು ಹೇಳಬೇಕಾದರೆ ಮೊದಲು ರೂಢಿಯ ಕಾಗುಣಿತವೊಂದು ಇರಬೇಕು. ನಮ್ಮ ಅನೇಕ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಅಂಥ ರೂಢಿಯೇ ಇಲ್ಲ. ಕನ್ನಡದ ತ, ಥ, ಟ, ಠ ಎಂಬ ನಾಲ್ಕು ಧ್ವನಿಗಳಿಗೆ ಅಲ್ಲಿ ಒಂದು ಟಿ ಮತ್ತು ಅದರ ಪಕ್ಕಕ್ಕೊಂದು ಎಚ್ ಬಿಟ್ಟರೆ ಬೇರೆ ಸಾಧನವಿಲ್ಲ. ತನ್ವಿ ಎಂಬ ಚಿಕ್ಕ ಹೆಸರನ್ನೇ ತೆಗೆದುಕೊಳ್ಳಿ. ಮೊದಲ ಧ್ವನಿಯನ್ನು ಬರಿಯ ಟಿ ಎಂದೂ ಬರೆಯಬಹುದು, ಟಿ-ಎಚ್ ಎಂದೂ ಬರೆಯಬಹುದು. ಕೊನೆಯ ಸ್ವರಕ್ಕೆ ಐ, ವೈ ಅಥವಾ ಎರಡು ಇ ಹಾಕಬಹುದು. ಯಾರೂ ವಿಶೇಷವಾಗಿ ಬರೆಯಬೇಕೆಂದು ಹೊರಡುವ ಮುನ್ನವೇ ಆರು ರೂಪಗಳು ಸಿದ್ಧವಾಗಿರುತ್ತವೆ. ಕೃತಿ ಎಂಬ ಹೆಸರಿನಲ್ಲಿ ಋಕಾರವನ್ನು ಆರ್-ಐ ಎನ್ನುವವರೂ ಆರ್-ಯು ಎನ್ನುವವರೂ ಇರುವುದರಿಂದ ಈ ಸಂಖ್ಯೆ ಮತ್ತೆ ದ್ವಿಗುಣವಾಗುತ್ತದೆ. ಹೀಗಿರುವಾಗ ಇವುಗಳಲ್ಲಿ ಒಂದನ್ನು ಸರಿ ಎಂದು, ಉಳಿದವುಗಳನ್ನು ವಿಚಿತ್ರ ಎಂದು ಹೇಳುವುದಕ್ಕೆ ನಮ್ಮಲ್ಲಿ ಯಾವ ಆಧಾರವೂ ಇರುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದಾಗಲೂ ಗೊಂದಲ ಪೂರ್ತಿ ಹೋಗುವುದಿಲ್ಲ. ಶ್ರಾವ್ಯ ಮತ್ತು ಶ್ರಾವ್ಯಾ, ತನ್ವಿ ಮತ್ತು ತನ್ವೀ, ಇವುಗಳಲ್ಲಿ ಕೊನೆಯ ದೀರ್ಘವೊಂದೇ ವ್ಯತ್ಯಾಸ. ಮನೆಯಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ, ದಾಖಲೆಯಲ್ಲಿ ಮಾತ್ರ ಎರಡು ಬೇರೆ ಹೆಸರುಗಳಾಗಿ ಕುಳಿತಿರುತ್ತದೆ.

ಬೇಕೆಂದೇ ಬೇರೆ ಕಾಗುಣಿತ ಆರಿಸುವವರೂ ಇದ್ದಾರೆ, ಮತ್ತು ಅವರ ಕಾರಣಗಳನ್ನು ಕೇಳಿದರೆ ಹಗುರವಾಗಿ ಕಾಣಲು ಮನಸ್ಸು ಬರುವುದಿಲ್ಲ. ಒಂದೇ ತರಗತಿಯಲ್ಲಿ ಅದೇ ಹೆಸರಿನ ಹಲವು ಮಕ್ಕಳಿರುತ್ತಾರೆ, ನಮ್ಮ ಮಗುವಿನದು ಬರಹದಲ್ಲಾದರೂ ಬೇರೆಯಾಗಿರಲಿ ಎನ್ನುವವರಿದ್ದಾರೆ. ಬೇರೆ ಭಾಷೆಯವರು ಓದಿದಾಗ ಉಚ್ಚಾರಣೆ ಕೆಡಬಾರದೆಂದು ಒಂದು ಸ್ವರವನ್ನು ಹೆಚ್ಚಿಗೆ ಸೇರಿಸುವವರಿದ್ದಾರೆ. ಸಂಖ್ಯಾಶಾಸ್ತ್ರದ ಲೆಕ್ಕ ಕೂಡಲೆಂದು ಅಕ್ಷರ ಸೇರಿಸುವವರು, ತೆಗೆಯುವವರು ಇದ್ದಾರೆ. ತೀರಿಹೋದ ಹಿರಿಯರೊಬ್ಬರು ತಮ್ಮ ಹೆಸರನ್ನು ಹೇಗೆ ಬರೆಯುತ್ತಿದ್ದರೋ ಹಾಗೆಯೇ ಮಗುವಿನದೂ ಇರಲಿ ಎಂದು ಹಳೆಯ ಪತ್ರವೊಂದರ ಸಹಿಯನ್ನು ತೋರಿಸಿದ ತಂದೆಯೊಬ್ಬರು ನನಗೆ ಚೆನ್ನಾಗಿ ನೆನಪಿದ್ದಾರೆ. ಓದಿದರೆ ಹೆಸರು ಏನೆಂದು ತಿಳಿಯಬೇಕು ಎಂಬುದು ನನ್ನ ಸ್ವಂತ ಅಭಿಪ್ರಾಯ, ಮತ್ತು ಆಪ್ತರು ಕೇಳಿದರೆ ಅದನ್ನು ಹೇಳುತ್ತೇನೆ. ಕೌಂಟರಿನ ಹಿಂದೆ ಕುಳಿತಾಗ ಆ ಅಭಿಪ್ರಾಯಕ್ಕೆ ಅಲ್ಲಿ ಸ್ಥಾನವಿಲ್ಲ.

ಏಕೆಂದು ಹೇಳಲು ಒಂದು ಘಟನೆ ಸಾಕು. ಈಶಾನ್ ಎಂಬ ಮಗುವಿನ ಹೆಸರಿನ ಆರಂಭದಲ್ಲಿ ಮನೆಯವರು ಎರಡು ಇ ಹಾಕಿ ಬರೆದಿದ್ದರು. ಮುಂದೊಂದು ದಿನ ಜ್ವರವೆಂದು ಮಗುವನ್ನು ಕರೆತಂದಾಗ ನೋಂದಣಿಯಲ್ಲಿದ್ದವರು ಹೆಸರನ್ನು ಕೇಳಿಕೊಂಡು, ತಮಗೆ ಪರಿಚಿತವಾದ ರೀತಿಯಲ್ಲಿ ಐ ಇಂದ ಆರಂಭಿಸಿ ಹುಡುಕಿದರು. ಫೈಲು ಸಿಗಲಿಲ್ಲ, ಹೊಸ ಫೈಲು ತೆರೆದರು. ಹಳೆಯ ಫೈಲಿನ ಮೊದಲ ಪುಟದಲ್ಲಿ ಪೆನಿಸಿಲಿನ್ ಅಲರ್ಜಿ ಎಂದು ಕೆಂಪಿನಲ್ಲಿ ನಮೂದಾಗಿತ್ತು. ಹೊಸ ಫೈಲಿನ ಅದೇ ಜಾಗ ಖಾಲಿಯಿತ್ತು. ನರ್ಸ್ ಔಷಧಿಯ ಹೆಸರು ಹೇಳಿದಾಗ ತಾಯಿ, ‘ಸಿಸ್ಟರ್, ಅದು ಇವನಿಗೆ ಆಗೋದಿಲ್ಲ, ಹಿಂದಿನ ಸಲವೇ ಬರೆಸಿದ್ದೆವಲ್ಲ’ ಎಂದು ತಡೆದರು. ಅಂದು ಮಗುವನ್ನು ಕಾಪಾಡಿದ್ದು ತಾಯಿಯ ನೆನಪು. ಮಗುವಿನ ಜೊತೆ ಬಂದವರು ಅಜ್ಜನೋ ನೆರೆಯವರೋ ಆಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನಮ್ಮ ವಿಭಾಗದಲ್ಲಿ ಯಾರನ್ನೂ ಸುಮ್ಮನೆ ಇರಲು ಬಿಡಲಿಲ್ಲ. ಎರಡು ಇ ಹಾಕಿದ ತಂದೆತಾಯಿಯನ್ನು ಇದಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ. ಅವರು ತಮ್ಮ ಕಡೆಯಿಂದ ಯಾವಾಗಲೂ ಒಂದೇ ರೀತಿ ಬರೆದಿದ್ದರು.

ಹೆಸರೊಂದನ್ನೇ ನಂಬಿ ರೋಗಿಯನ್ನು ಗುರುತಿಸಬಾರದು ಎಂಬುದು ವೈದ್ಯಕೀಯ ಕ್ಷೇತ್ರದಲ್ಲಿ ಒಪ್ಪಿತ ನಿಯಮ. ಹೆಸರು, ಜನ್ಮದಿನಾಂಕ ಹೀಗೆ ಕನಿಷ್ಠ ಎರಡು ಗುರುತುಗಳನ್ನು ಹೋಲಿಸಿ ನೋಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ರೋಗಿ ಸುರಕ್ಷತಾ ಸಲಹೆಗಳಲ್ಲಿ ಹೇಳಿದೆ. ಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ, ಏಕೆಂದರೆ ಹುಟ್ಟಿದ ಮಗುವಿಗೆ ಮೊದಲಿಗೆ ಹೆಸರೇ ಇರುವುದಿಲ್ಲ. ಅದು ತಾಯಿಯ ಹೆಸರಿನ ಮುಂದೆ ‘ಬೇಬಿ ಆಫ್’ ಎಂದು ಸೇರಿಸಿಕೊಂಡು ದಾಖಲಾಗುತ್ತದೆ, ಅವಳಿಗಳಾದರೆ ಒಂದನೆಯದು, ಎರಡನೆಯದು ಎಂದು. ಹೆಸರಿಟ್ಟ ಮೇಲೆ ಮನೆಯವರು ಬಂದು ತಿಳಿಸಿದಾಗ ಅದನ್ನು ಬದಲಿಸುತ್ತೇವೆ. ಕಾಗುಣಿತದ ಬಹುಪಾಲು ಗೊಂದಲ ಹುಟ್ಟುವುದು ಈ ಬದಲಾವಣೆಯ ಗಳಿಗೆಯಲ್ಲಿ. ಲಸಿಕೆ ಹಾಕಿಸಲು ಬಂದ ತಂದೆ ಒಂದು ರೀತಿ ಹೇಳಿರುತ್ತಾರೆ, ಜನನ ಪ್ರಮಾಣಪತ್ರಕ್ಕೆ ತಾಯಿ ಇನ್ನೊಂದು ರೀತಿ ಬರೆದುಕೊಟ್ಟಿರುತ್ತಾರೆ, ಮತ್ತು ಇಬ್ಬರಿಗೂ ತಾವು ಬೇರೆ ಬೇರೆ ಬರೆದಿದ್ದೇವೆ ಎಂಬುದು ಗೊತ್ತೇ ಇರುವುದಿಲ್ಲ.

ಕಂಪ್ಯೂಟರ್ ಇದನ್ನೆಲ್ಲ ತಾನೇ ಕಂಡುಹಿಡಿಯುತ್ತದೆ ಎಂಬ ಭರವಸೆ ಹಲವರಲ್ಲಿದೆ. ಅದು ಎಲ್ಲಿಯವರೆಗೆ ನಿಜ ಎಂಬುದನ್ನು ದಾಖಲೆಯ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ತಿಳಿದಿರಬೇಕು. ಉಚ್ಚಾರಣೆ ಒಂದೇ, ಬರಹ ಬೇರೆ ಎಂಬ ಸಮಸ್ಯೆಗೆ ಪರಿಹಾರವಾಗಿ ರಾಬರ್ಟ್ ರಸೆಲ್ ಎಂಬ ಅಮೆರಿಕನ್ನರು 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆ ದೇಶದ ಹಳೆಯ ಜನಗಣತಿ ದಾಖಲೆಗಳ ಸೂಚಿಗಳನ್ನು ಸಿದ್ಧಪಡಿಸಿದ್ದೂ ಇದೇ ವಿಧಾನದಲ್ಲಿ. ಹೆಸರಿನ ಮೊದಲ ಅಕ್ಷರವನ್ನು ಹಾಗೆಯೇ ಇಟ್ಟುಕೊಂಡು, ಸ್ವರಗಳನ್ನೂ ಎಚ್, ಡಬ್ಲ್ಯೂ, ವೈ ಅಕ್ಷರಗಳನ್ನೂ ಬಿಟ್ಟು, ಉಳಿದ ವ್ಯಂಜನಗಳಿಗೆ ಗುಂಪಿನ ಪ್ರಕಾರ ಅಂಕಿಗಳನ್ನು ಕೊಡುವುದು ಅದರ ಕ್ರಮ. ತನ್ವಿಯ ಆರೂ ರೂಪಗಳನ್ನು ಅದಕ್ಕೆ ಕೊಟ್ಟರೆ ಎಲ್ಲಕ್ಕೂ ಟಿ-510 ಎಂಬ ಒಂದೇ ಸಂಕೇತ ಬರುತ್ತದೆ. ಈಶಾನ್ ವಿಷಯದಲ್ಲಿ ಮಾತ್ರ ಅದು ಕೈಬಿಡುತ್ತದೆ. ಇ ಇಂದ ಬರೆದರೆ ಇ-250, ಐ ಇಂದ ಬರೆದರೆ ಐ-250. ಮೊದಲ ಅಕ್ಷರವೇ ಬೇರೆಯಾದ್ದರಿಂದ ಇವೆರಡೂ ಒಂದೇ ಮಗುವಿರಬಹುದು ಎಂದು ಅದಕ್ಕೆ ಹೊಳೆಯುವುದೇ ಇಲ್ಲ. ನಮ್ಮಲ್ಲಿ ನಡೆದದ್ದು ಇದೇ.

ಇನ್ನೊಂದು ವಿಧಾನ ಲೆವೆನ್‌ಸ್ಟೈನ್ ಅಂತರ. ಒಂದು ಬರಹವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂದು ಎಣಿಸುವ ಈ ಅಳತೆಯನ್ನು ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಮಂಡಿಸಿದರು. ಕೊನೆಗೆ ಐ ಇರುವ ತನ್ವಿಯನ್ನು ಎರಡು ಇ ಇರುವ ತನ್ವಿಯಾಗಿಸಲು ಎರಡು ಬದಲಾವಣೆ ಬೇಕು. ತನ್ವಿಯನ್ನು ತಾನ್ಯಾ ಆಗಿಸಲೂ ಎರಡೇ ಸಾಕು. ತನ್ವಿಯನ್ನು ಜಾನ್ವಿಯಾಗಿಸಲು ಒಂದೇ ಬದಲಾವಣೆ, ಟಿ ಇದ್ದಲ್ಲಿ ಜೆ. ಅಂದರೆ ಈ ಲೆಕ್ಕದ ಪ್ರಕಾರ ಸಂಪೂರ್ಣ ಬೇರೆಯಾದ ಜಾನ್ವಿ ಎಂಬ ಹುಡುಗಿ, ಅದೇ ತನ್ವಿಯ ಇನ್ನೊಂದು ಕಾಗುಣಿತಕ್ಕಿಂತ ಹತ್ತಿರದವಳು. ಯಂತ್ರ ಕೊಡುವ ಪಟ್ಟಿಯಲ್ಲಿ ಮೇಲೆ ಬಂದ ಹೆಸರನ್ನು ಒತ್ತಿ ಮುಂದೆ ಹೋಗುವ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದನ್ನು ಹೊಸದಾಗಿ ಸೇರಿದವರಿಗೆ ವಿವರಿಸುವಾಗ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ. ಕನ್ನಡದಲ್ಲಿ ದಾಖಲಿಸುವ ಕಡೆ ಕಣ್ಣಿಗೆ ಕಾಣದ ತೊಡಕೂ ಒಂದಿದೆ: ಶೋಭಾ ಎಂಬುದರ ಓತ್ವವನ್ನು, ಕಂಪ್ಯೂಟರ್ ಅಕ್ಷರಗಳನ್ನು ಸಂಕೇತಗಳಾಗಿ ಇಟ್ಟುಕೊಳ್ಳುವ ಯುನಿಕೋಡ್ ಪದ್ಧತಿಯಲ್ಲಿ, ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳನ್ನು ಜೋಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ, ಆದರೆ ತಂತ್ರಾಂಶವು ಅವನ್ನು ಒಂದೇ ರೂಪಕ್ಕೆ ತರದಿದ್ದರೆ ಹುಡುಕಾಟದಲ್ಲಿ ಸಿಗುವುದಿಲ್ಲ.

ಕೆಲವು ದೇಶಗಳು ಈ ಸಮಸ್ಯೆಯನ್ನು ಕಾನೂನಿನಿಂದಲೇ ಎದುರಿಸಿವೆ. ಐಸ್‌ಲ್ಯಾಂಡಿನಲ್ಲಿ ಹೊಸ ಹೆಸರು ಅಲ್ಲಿನ ಭಾಷೆಯ ಬರಹ ಮತ್ತು ವ್ಯಾಕರಣಕ್ಕೆ ಹೊಂದುತ್ತದೆಯೇ ಎಂದು ನೋಡಲು ಸಮಿತಿಯೇ ಇದೆ. ನ್ಯೂಜಿಲೆಂಡಿನಲ್ಲಿ ಹೆಸರು 70 ಅಕ್ಷರಗಳನ್ನು ಮೀರಬಾರದು. ಸ್ವೀಡನ್ನಿನಲ್ಲಿ 1996ರಲ್ಲಿ ದಂಪತಿಯೊಬ್ಬರು, ಹೆಸರು ನೋಂದಾಯಿಸದ್ದಕ್ಕೆ ವಿಧಿಸಿದ ದಂಡವನ್ನು ಪ್ರತಿಭಟಿಸಿ, 43 ಅಕ್ಷರ ಮತ್ತು ಅಂಕಿಗಳ ಸಾಲೊಂದನ್ನು ಬರೆದುಕೊಟ್ಟು ಅದನ್ನು ಆಲ್ಬಿನ್ ಎಂದು ಉಚ್ಚರಿಸಬೇಕೆಂದರು, ಅದು ತಿರಸ್ಕೃತವಾಯಿತು. ಇವೆಲ್ಲಕ್ಕಿಂತ ಜಪಾನಿನ ಕ್ರಮ ನನಗೆ ಹೆಚ್ಚು ಆಸಕ್ತಿಕರವಾಗಿ ಕಾಣುತ್ತದೆ. ಅಲ್ಲಿ ಹೆಸರು ಬರೆಯುವ ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳಿಗೆ ಹಲವು ಓದುಗಳು ಸಾಧ್ಯವಿರುವುದರಿಂದ, ಬರಹ ಸ್ಥಿರವಾಗಿದ್ದು ಉಚ್ಚಾರಣೆ ಮನೆಮನೆಗೆ ಬೇರೆಯಾಗುತ್ತಿತ್ತು. ಕುಟುಂಬ ನೋಂದಣಿ ಪುಸ್ತಕದಲ್ಲಿ ಉಚ್ಚಾರಣೆ ದಾಖಲಾಗುತ್ತಲೇ ಇರಲಿಲ್ಲ. 2025ರ ಮೇ 26ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಉಚ್ಚಾರಣೆಯನ್ನೂ ನೋಂದಾಯಿಸಬೇಕು, ಮತ್ತು ಅದು ಆ ಅಕ್ಷರಗಳಿಗೆ ಸಾಮಾನ್ಯವಾಗಿ ಒಪ್ಪಿತವಾದ ಓದಾಗಿರಬೇಕು. ಬರಹ ಮತ್ತು ಧ್ವನಿ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಈ ಯೋಚನೆ ನಮ್ಮ ಕೆಲಸಕ್ಕೂ ಹೇಳಿ ಮಾಡಿಸಿದಂತಿದೆ.

ನಮ್ಮ ಕೌಂಟರಿನಲ್ಲಿ ಈಗ ಪಾಲಿಸುವ ಕ್ರಮ ಸರಳವಾಗಿದೆ. ‘ಸರಿಯಾದ ಸ್ಪೆಲಿಂಗ್ ಏನು’ ಎಂದು ಕೇಳುವುದನ್ನು ಬಿಟ್ಟು, ‘ಹೆಸರನ್ನು ಯಾವ ಅಕ್ಷರಗಳಲ್ಲಿ ಬರೆಯುತ್ತೀರಿ’ ಎಂದು ಕೇಳುತ್ತೇವೆ. ಮೊದಲ ಪ್ರಶ್ನೆ ಕೇಳಿದರೆ ಅನೇಕ ತಂದೆತಾಯಿಯರು ತಾವು ತಪ್ಪು ಮಾಡಿದ್ದೇವೆಯೋ ಏನೋ ಎಂದು ಅಳುಕಿ, ನಾವು ಹೇಳಿದ್ದಕ್ಕೆಲ್ಲ ‘ಹಾಗೇ ಬರೆದುಕೊಳ್ಳಿ ಮೇಡಂ, ಪರವಾಗಿಲ್ಲ’ ಎಂದುಬಿಡುತ್ತಾರೆ. ಎರಡನೆಯ ಕಾಗುಣಿತ ಹುಟ್ಟುವುದು ಹಾಗೆಯೇ. ಸಾಧ್ಯವಿದ್ದಾಗಲೆಲ್ಲ ಅವರ ಕೈಯಿಂದಲೇ ಬರೆಸಿಕೊಳ್ಳುತ್ತೇವೆ. ಬಾಯಿಮಾತಿನಲ್ಲಿ ಕೇಳಬೇಕಾಗಿ ಬಂದಾಗ, ಮುಖಗವಸಿನ ಹಿಂದಿನಿಂದ ಬಿ, ಡಿ, ಪಿ, ಟಿ, ವಿ ಎಲ್ಲವೂ ಒಂದೇ ರೀತಿ ಕೇಳುವುದರಿಂದ, ವಿಮಾನಯಾನದಲ್ಲಿ 1956ರಿಂದ ಬಳಕೆಯಲ್ಲಿರುವ, ಅಕ್ಷರಕ್ಕೊಂದು ಪದ ಹೇಳುವ ಬ್ರಾವೋ, ಡೆಲ್ಟಾ, ಪಾಪಾ, ಟ್ಯಾಂಗೋ, ವಿಕ್ಟರ್ ಪದ್ಧತಿಯಲ್ಲಿ ಮರಳಿ ಓದಿ ಹೇಳುತ್ತೇವೆ. ಮಗು ಓದಲು ಬರೆಯಲು ಕಲಿತಿದ್ದರೆ ಮಗುವನ್ನೇ ಕೇಳುತ್ತೇನೆ. ‘ನನ್ನ ಹೆಸರಿಗೆ ಕೊನೆಯಲ್ಲಿ ಎರಡು ಇ ಇದೆ ಆಂಟಿ, ಎಲ್ಲರೂ ಒಂದೇ ಹಾಕ್ತಾರೆ’ ಎಂದು ಪುಟ್ಟ ಹುಡುಗಿಯೊಬ್ಬಳು ಕೌಂಟರಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತು ಹೇಳಿದಾಗ, ಆ ಎರಡನೆಯ ಇ ಅವಳಿಗೆ ಎಷ್ಟು ತನ್ನದು ಎಂಬುದು ನನಗೆ ಅರ್ಥವಾಯಿತು.

ತಂದೆತಾಯಿಯರಿಗೆ ನಾನು ಹೇಳುವುದು ಇಷ್ಟೇ: ಯಾವ ಕಾಗುಣಿತ ಬೇಕಾದರೂ ಇರಲಿ, ಜನನ ಪ್ರಮಾಣಪತ್ರಕ್ಕೆ ಕೊಡುವ ಮುನ್ನ ಇಬ್ಬರೂ ಕುಳಿತು ಒಂದು ಕಾಗದದ ಮೇಲೆ ಬರೆದು ಒಪ್ಪಿಕೊಳ್ಳಿ, ಲಸಿಕೆ ಕಾರ್ಡಿನಿಂದ ಶಾಲೆಯವರೆಗೆ ಅದನ್ನೇ ಕೊಡಿ. ಹೆಸರಿನಲ್ಲಿ ಅಡ್ಡಗೆರೆ, ಅಕ್ಷರಲೋಪದ ಚಿಹ್ನೆ (ಅಪಾಸ್ಟ್ರಫಿ) ಅಥವಾ ಅಕ್ಷರದ ಮೇಲಿನ ಗುರುತುಗಳನ್ನು ಬಳಸುವವರಿಗೆ ಪಾಸ್‌ಪೋರ್ಟಿನ ವಿಷಯವನ್ನೂ ತಿಳಿಸುತ್ತೇನೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ತಲಾ 44 ಸ್ಥಾನಗಳ ಎರಡು ಸಾಲುಗಳಿರುತ್ತವೆ, ಅವುಗಳಲ್ಲಿ ಹೆಸರಿಗೆ ಸಿಗುವುದು 39 ಸ್ಥಾನ ಮಾತ್ರ. ಅಲ್ಲಿ ಎ ಇಂದ ಝಡ್‌ವರೆಗಿನ ಅಕ್ಷರಗಳಷ್ಟೇ ಹೆಸರಿಗೆ ಸಲ್ಲುತ್ತವೆ. ಅಕ್ಷರಲೋಪದ ಚಿಹ್ನೆ ಬಿಟ್ಟುಹೋಗುತ್ತದೆ, ಅಡ್ಡಗೆರೆಯ ಜಾಗದಲ್ಲಿ ಖಾಲಿ ಸ್ಥಾನ ತುಂಬಲು ಬಳಸುವ ‘<’ ಚಿಹ್ನೆ ಬರುತ್ತದೆ. ಹೆಸರು ಬದಲಿಸಿ ಎಂದು ಹೇಳಲು ಇದನ್ನು ತಿಳಿಸುವುದಲ್ಲ. ಮುಂದೆ ಟಿಕೆಟ್ಟಿನ ಮೇಲೆ ಮಗುವಿನ ಹೆಸರು ಬೇರೆ ರೀತಿ ಕಂಡಾಗ ಗಾಬರಿಯಾಗದಿರಲಿ ಎಂದು.

ಎರಡು ಫೈಲುಗಳು ಒಂದೇ ಮಗುವಿನವು ಎಂದು ಖಚಿತವಾದಾಗ ಅವನ್ನು ಮರ್ಜ್ ಮಾಡುವ ಕೆಲಸವನ್ನು ಒಬ್ಬರ ಮೇಲೆ ಬಿಡುವುದಿಲ್ಲ. ಜನ್ಮದಿನಾಂಕ, ತಾಯಿಯ ಹೆಸರು ಮತ್ತು ಫೋನ್ ನಂಬರನ್ನು ಇಬ್ಬರು ಪ್ರತ್ಯೇಕವಾಗಿ ಹೋಲಿಸುತ್ತಾರೆ, ಏಕೆಂದರೆ ಇಬ್ಬರು ಬೇರೆ ಮಕ್ಕಳ ಫೈಲುಗಳನ್ನು ಒಂದು ಮಾಡಿಬಿಟ್ಟರೆ ಬಿಡಿಸುವುದು ತುಂಬಾ ಕಷ್ಟ. ಮರ್ಜ್ ಆದ ಮೇಲೂ ಹಳೆಯ ಕಾಗುಣಿತವನ್ನು ಅಳಿಸುವುದಿಲ್ಲ. ‘ಇತರ ಹೆಸರು’ ಎಂಬ ಅಂಕಣದಲ್ಲಿ ಉಳಿಸುತ್ತೇವೆ, ಮತ್ತು ಅದರ ಪಕ್ಕದಲ್ಲಿ ಹೆಸರಿನ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆಯುತ್ತೇವೆ. ಹೊರಗಿನ ಪ್ರಯೋಗಾಲಯದಿಂದ ಆ ಹಳೆಯ ಕಾಗುಣಿತದಲ್ಲಿ ವರದಿ ಬಂದರೂ ಅದು ಸರಿಯಾದ ಮಗುವಿನ ಫೈಲಿಗೇ ಸೇರುತ್ತದೆ. ಹೆಸರು ತುಂಬುವ ಜಾಗದಲ್ಲಿ ತಾನಾಗಿಯೇ ಅಕ್ಷರ ತಿದ್ದುವ ಸೌಲಭ್ಯವನ್ನು ನಮ್ಮ ಎಲ್ಲ ಕಂಪ್ಯೂಟರುಗಳಲ್ಲೂ ಆಫ್ ಮಾಡಿಸಿದ್ದೇವೆ.