ಎನಿ ಟೈಮ್, ಲವ್

ಭಾನುವಾರ ಇಲ್ಲಿ ಇಂಗ್ಲೆಂಡಿನಲ್ಲಿ, ಬೇಸಿಗೆಗೆಂದು ಮುಂದಿಟ್ಟಿದ್ದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಪ್ರತಿವರ್ಷ ಅಕ್ಟೋಬರಿನ ಕೊನೇ ಭಾನುವಾರ ಬರುವ ಶಿಕ್ಷೆ. ಶನಿವಾರ 5.45ರ ಸುಮಾರಿಗೆ ಮುಳುಗಿದ ಲೀಡ್ಸಿನ ಸೂರ್ಯ ಮರುದಿನ 4.45ಕ್ಕೇ ಮನೆ ಸೇರಿದ. ಡಿಸೆಂಬರ್ ಬಂದರೆ 3.45ಕ್ಕೆಲ್ಲ ದೀಪ ಹಚ್ಚಬೇಕು.

ಸೋಮವಾರ ಪಕ್ಕದ ಮನೆಯಾಕೆಗೆ ಡಬ್ಬಿ ವಾಪಸ್ ಕೊಡಲು ಹೋಗಿದ್ದೆ. ತಮ್ಮ ಹಿತ್ತಲಿನ ಸೇಬು ತುಂಬಿಸಿ ಕೊಟ್ಟಿದ್ದ ಐಸ್‌ಕ್ರೀಮ್ ಡಬ್ಬಿ. ಖಾಲಿ ಡಬ್ಬಿ ಕೊಡೋಕಾಗುತ್ತಾ, ಕೋಡುಬಳೆ ಹಾಕಿದ್ದೆ. ಆಕೆಗೆ ಎಪ್ಪತ್ತು ದಾಟಿದೆ, ಮಾತಿಗೆ ಜನ ಬೇಕು. ಚಹಾ ಆಯಿತು, ಮೊಣಕಾಲು ನೋವಿನ ಕಥೆ ಆಯಿತು. ಕಿಟಕಿಯಾಚೆ ನೋಡಿ ‘ಇಟ್ ಈಸ್ ಡಾರ್ಕನಿಂಗ್, ಐ ಶುಡ್ ಗೋ’ ಅಂದೆ.

ಆಕೆ ಕಣ್ಣರಳಿಸಿದರು. ‘ಪದ್ಯ ಹೇಳಿದ ಹಾಗಿತ್ತು! ನಾವು ಗೆಟಿಂಗ್ ಡಾರ್ಕ್ ಅಂತೀವಿ ಅಷ್ಟೆ.’ ಬಾಗಿಲವರೆಗೂ ಬಂದರು. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಬಂತು: ‘ಯೂ ಕೆನ್ ಡಾರ್ಕನ್ ಮೈ ಡೋರ್ ಎನಿ ಟೈಮ್, ಲವ್.’

ನಾನೂ ನಕ್ಕೆ. ಅರ್ಥವಾಗದ್ದಕ್ಕೆಲ್ಲ ನಗುವುದು ಈ ದೇಶಕ್ಕೆ ಬಂದ ಮೇಲೆ ಕಲಿತ ವಿದ್ಯೆ.

ನಮ್ಮ ಮನೆ ಬೀಗ ತೆಗೆಯುವಷ್ಟರಲ್ಲಿ ಮಾತು ಚುಚ್ಚತೊಡಗಿತು. ಡಾರ್ಕನ್ ಮೈ ಡೋರ್. ನನ್ನ ಬಣ್ಣ ಎಂಥದ್ದು ಅಂತ ನನಗೆ ಗೊತ್ತು. ಆಕೆಯ ಬಾಗಿಲಲ್ಲಿ ನಿಂತು ನಾನು ಏನನ್ನು ಕಪ್ಪು ಮಾಡಿದೆ? ಗಂಡನಿಗೆ ಹೇಳಿದರೆ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ‘ಏನೋ ತಮಾಷೆಗೆ ಅಂದಿರ್ತಾರೆ ಬಿಡು’ ಅಂದ. ಅವನು ಯಾರ ಮಾತನ್ನೂ ಎರಡನೇ ಸಲ ಕೇಳಿಸಿಕೊಳ್ಳುವವನಲ್ಲ. ಮೊದಲ ಸಲವೂ ಅನುಮಾನವೇ.

ಬಿಡಿಸಿ ಹೇಳಿದವಳು ಮಗಳು. ‘ನೆವರ್ ಡಾರ್ಕನ್ ಮೈ ಡೋರ್ ಅಗೇನ್’ ಅಂತ ಹಳೇ ಬೈಗುಳವಂತೆ, ಸಿಟ್ಟಿನಲ್ಲಿ ಯಾರನ್ನಾದರೂ ಹೊರಗೆ ಹಾಕುವಾಗ ಅನ್ನುವುದು. ನಮ್ಮ ಹೊಸಿಲು ತುಳೀಬೇಡ ಅಂದ ಹಾಗೆ. ಪಕ್ಕದ ಮನೆಯಾಕೆ ಅದನ್ನೇ ತಲೆಕೆಳಗು ಮಾಡಿ ಯಾವಾಗ ಬೇಕಾದರೂ ಬಾ ಅಂದಿದ್ದಾರೆ. ನಾನು ಡಾರ್ಕನಿಂಗ್ ಅಂದಿದ್ದಕ್ಕೇ ಆ ಪದ ಅವರ ನಾಲಿಗೆಗೆ ಬಂದದ್ದು. ‘ಶುರು ಮಾಡಿದ್ದು ನೀನೇ ಅಮ್ಮ.’

ಅಷ್ಟಕ್ಕೆ ಬಿಡಲಿಲ್ಲ, ಪಾಠವೂ ಆಯಿತು. ಆಕಾಶ ಡಾರ್ಕನ್ ಆಗಬಹುದು, ಫೋನಿನಲ್ಲಿ ಫೋಟೊ ಡಾರ್ಕನ್ ಮಾಡಬಹುದು, ಕಾದಂಬರಿಗಳಲ್ಲಿ ಸಿಟ್ಟು ಬಂದವರ ಮುಖವೂ ಆಗುತ್ತದೆ. ಹೊತ್ತು ಮುಳುಗುವುದಕ್ಕೆ ಮಾತ್ರ ಬಾಯಿಮಾತಿನಲ್ಲಿ ಗೆಟಿಂಗ್ ಡಾರ್ಕ್. ಹಗಲು ಗಿಡ್ಡವಾಗುವ ಈ ದಿನಗಳಿಗೆ ‘ನೈಟ್ಸ್ ಆರ್ ಡ್ರಾಯಿಂಗ್ ಇನ್’ ಅನ್ನಬೇಕು. ಬ್ಲ್ಯಾಕನ್, ರೆಡನ್, ವೈಟನ್ ಎಲ್ಲ ಉಂಟು. ಗ್ರೀನನ್, ಬ್ಲೂಅನ್ ಇಲ್ಲ. ಕ, ಟ, ಡದಂಥ ಗಟ್ಟಿ ಅಕ್ಷರದಲ್ಲಿ ಮುಗಿಯುವ ಪದಕ್ಕೇ ಆ ಬಾಲ ಅಂಟುವುದಂತೆ. ನಮಗೆ ಈ ತಾಪತ್ರಯವೇ ಇಲ್ಲ. ಕತ್ತಲಾಯ್ತು ಅಂದರೆ ಮುಗಿಯಿತು. ಯಾರು, ಯಾವುದು ಅಂತ ಯಾರೂ ಕೇಳುವುದಿಲ್ಲ. ಬೇಕೆಂದರೆ ಕತ್ತಲು ಕವಿಯಿತು ಅನ್ನಬಹುದು, ಅಷ್ಟಕ್ಕೆ ಯಾರೂ ನಮ್ಮನ್ನು ಕವಿ ಮಾಡುವುದಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಎನಿ ಟೈಮ್ ಅಂದಾಗ ಆಕೆ ನಕ್ಕರಾ? ಲವ್ ಅಂದರು, ಸರಿ. ಈ ಊರಲ್ಲಿ ಬಸ್ ಡ್ರೈವರೂ ಲವ್ ಅನ್ನುತ್ತಾನೆ. ಮತ್ತೆ ಮತ್ತೆ ಆ ಮೆಟ್ಟಿಲಿಳಿದೆ.

ಆಗ ನೆನಪಾದದ್ದು ತೀರ್ಥಹಳ್ಳಿ ಕಡೆಯ ನನ್ನಜ್ಜಿಯ ಮನೆ. ಕಿಟಕಿಗಳು ಅಂಗೈಯಗಲ, ಒಳಗೆ ಬರುವ ಬೆಳಕೆಲ್ಲ ಬಾಗಿಲಿನಿಂದಲೇ. ಅಜ್ಜಿ ಹೊಸಿಲ ಹತ್ತಿರ ಕಾಲು ಚಾಚಿ, ಮೊರವನ್ನು ಬೆಳಕಿಗೆ ವಾಲಿಸಿ ಅಕ್ಕಿಯಿಂದ ಕಲ್ಲು ಹೆಕ್ಕುತ್ತಿದ್ದಳು. ನಾನು ಹೊರಗಿನಿಂದ ಓಡಿಬಂದು ನಿಂತರೆ ಮೊರದ ಮೇಲೆ ನನ್ನ ನೆರಳು. ‘ಬಾಗಿಲಿಗೆ ಅಡ್ಡ ನಿಂತು ಕತ್ತಲು ಮಾಡ್ಬೇಡ ಮಾರಾಯ್ತಿ, ಕಲ್ಲು ಕಾಣಲ್ಲ!’ ಇಂಗ್ಲಿಷಿನ ಬೈಗುಳದಲ್ಲಿ ಇರುವುದೂ ಅಷ್ಟೇ, ಬಂದವರ ನೆರಳು.

ಅಜ್ಜಿ ಅಂದಾಗ ನೆರಳು ಅಂತಲೇ ಕೇಳಿದವಳಿಗೆ ಪಕ್ಕದ ಮನೆಯಾಕೆ ಅಂದಾಗ ಚರ್ಮ ಅಂತ ಯಾಕೆ ಕೇಳಿಸಿತು? ಆಕೆ ಬಿಳಿಯರು ಅಂತ, ನಿಜ. ಅಷ್ಟೇ ಅಲ್ಲ. ಪ್ರತಿ ಸಲ ಊರಿಗೆ ಹೋದಾಗ ಚೀಲ ಕೆಳಗಿಡುವ ಮೊದಲೇ ದೊಡ್ಡಮ್ಮ ಕೇಳುವುದು ‘ಏನೇ ಇಷ್ಟು ಕಪ್ಪಾಗಿದೀಯ?’ ಬಿಸಿಲೇ ಕಾಣದ ಲೀಡ್ಸಿನಿಂದ ಹೋದವಳಿಗೆ! ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಲು ಬಿಡದೆ ಒಳಗೆ ಕರೆದದ್ದೂ ಕಪ್ಪಾಗ್ತೀಯ ಅಂತಲೇ. ಹೆಣ್ಣು ನೋಡಲು ಬಂದವರು ಹಳೇ ಫೋಟೊ ಎತ್ತಿ ಹಿಡಿದು ‘ಈಗ ಸ್ವಲ್ಪ ಕಪ್ಪಾಗಿದಾಳೆ’ ಅಂದಿದ್ದರು, ಸೋರೆಕಾಯಿ ಬಲಿತಿದೆ ಅನ್ನುವ ದನಿಯಲ್ಲಿ. ಈ ಪಕ್ಕದ ಮನೆಯಾಕೆಯೋ, ಜೂನಿನಲ್ಲಿ ಸ್ಪೇನಿನಿಂದ ಬಂದು ‘ನೋಡು, ಎಷ್ಟು ಬ್ರೌನ್ ಆಗಿದೀನಿ’ ಅಂತ ತೋಳು ಚಾಚಿ ತೋರಿಸಿದ್ದರು. ಆ ತೋಳಿನ ಪಕ್ಕ ನನ್ನ ತೋಳಿಡಲು ಯಾಕೋ ಕೈ ಬರಲಿಲ್ಲ.

ನಿನ್ನೆ ಮಧ್ಯಾಹ್ನ ಅವರು ಫೋನ್ ಮಾಡಿ, ಕೋಡುಬಳೆ ಮುಗೀತು, ಡಬ್ಬಿಗೆ ಮತ್ತೆ ಸೇಬು ತುಂಬಿಸಿದ್ದೀನಿ, ಬಾಗಿಲು ತೆಗೆದೇ ಇದೆ ಅಂದರು. ಹೋದಾಗ ಮೂರೂವರೆ. ಬಿಸಿಲು ಅಪರೂಪಕ್ಕೆ ಬಿದ್ದಿತ್ತು, ಕೆಳಗಿಳಿದ ಸೂರ್ಯ ನೇರ ನನ್ನ ಬೆನ್ನಿಗೆ. ಹೊಸಿಲಲ್ಲಿ ನಿಂತರೆ ನನ್ನ ನೆರಳು ನಡುಮನೆಯ ಕಾರ್ಪೆಟ್ಟಿನುದ್ದಕ್ಕೂ ಹರಿದು ಅಡಿಗೆಮನೆಯ ಬಾಗಿಲು ಮುಟ್ಟಿತ್ತು. ಒಳಗಿನಿಂದ ಬಂದ ಆಕೆ ಕಣ್ಣಿಗೆ ಕೈ ಅಡ್ಡ ಹಿಡಿದು, ಕತ್ತು ಮುಂದೆ ಚಾಚಿ, ‘ಹೂ ಈಸ್ ಇಟ್?’ ಅಂದರು.