ನ್ಯಾರೋಬೋಟ್‌ನಲ್ಲಿ ಒಂದು ದಿನ: ಬಾತ್‌ವರೆಗೆ ಹೋಗುವ ಆಸೆ ಬಿಡಿ

ಜೂನ್‌ನಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ತಂಗಿ ಮನೆಗೆ ಹೋಗಿದ್ದಾಗ, ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ ಒಂದು ದಿನಕ್ಕೆ ನ್ಯಾರೋಬೋಟ್ (ಕಾಲುವೆಗೆಂದೇ ಮಾಡಿದ ಉದ್ದನೆಯ, ಕಿರಿದಾದ ದೋಣಿ) ಬಾಡಿಗೆಗೆ ತೆಗೆದುಕೊಂಡೆವು. ರೈಲಿನಲ್ಲಿ ಬಾತ್ ನಗರ, ಅಲ್ಲಿ ರೈಲು ಬದಲಾಯಿಸಿ ಬ್ರ್ಯಾಡ್‌ಫರ್ಡ್-ಆನ್-ಏವನ್, ದೋಣಿ ಹೊರಡುವುದು ಅಲ್ಲಿಂದ. ದೋಣಿಯಲ್ಲೇ ವಾಪಸ್ ಬಾತ್‌ಗೆ ಹೋಗಿಬರೋಣ ಅಂದುಕೊಂಡಿದ್ದೆವು. ಆಗುವುದಿಲ್ಲ. ದೂರ ಸುಮಾರು 15 ಕಿಲೋಮೀಟರ್ ಅಷ್ಟೇ, ಆದರೆ ಕಾಲುವೆಯ ವೇಗದ ಮಿತಿ ಗಂಟೆಗೆ 4 ಮೈಲಿ, ಅದೂ ಕೈಗೆ ಸಿಗುವುದಿಲ್ಲ, ಯಾಕೆಂದರೆ ದಡದುದ್ದಕ್ಕೂ ಜನ ವಾಸ ಮಾಡುವ ದೋಣಿಗಳು ಕಟ್ಟಿರುತ್ತವೆ, ಅವುಗಳ ಪಕ್ಕ ನೀವು ಜೋರಾಗಿ ಹೋದರೆ ಅವರ ಮನೆಯೇ ಅಲುಗಾಡುತ್ತದೆ. ನಡೆದುಕೊಂಡು ಹೋಗುವವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಹಾಗಾಗಿ ದಾರಿಯಲ್ಲೇ ಇರುವ ಡುಂಡಾಸ್ ಅಕ್ವಡಕ್ಟ್‌ (ನದಿಯ ಮೇಲೆ ಕಾಲುವೆಯನ್ನು ದಾಟಿಸುವ ಸೇತುವೆ) ವರೆಗೆ ಹೋಗಿ ತಿರುಗಿ ಬನ್ನಿ. ಒಂದು ದಿನಕ್ಕೆ ಅದು ಧಾರಾಳ ಸಾಕು.

ಬುಕ್ ಮಾಡುವಾಗಲೇ ದೋಣಿ ಬ್ರ್ಯಾಡ್‌ಫರ್ಡ್ ಲಾಕ್‌ನ (ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟುಗಳ ಕಟ್ಟೆ) ಯಾವ ಕಡೆ ಇದೆ ಅಂತ ಕೇಳಿ. ಲಾಕ್‌ನ ಪಶ್ಚಿಮಕ್ಕಿದ್ದರೆ ಬಾತ್ ಬರುವವರೆಗೆ ಒಂದೂ ಲಾಕ್ ಇಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಲೈಸೆನ್ಸ್ ಬೇಕಿಲ್ಲ. ಹೊರಡುವ ಮುಂಚೆ ದೋಣಿ ಕೊಡುವವರೇ ಕಲಿಸುತ್ತಾರೆ, ಮೈಯೆಲ್ಲಾ ಕಿವಿಯಾಗಿ ಕೇಳಿಸಿಕೊಳ್ಳಿ.

ಚುಕ್ಕಾಣಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಲಕ್ಕೆ ಹೋಗಬೇಕಾದರೆ ಚುಕ್ಕಾಣಿಯ ಕೋಲನ್ನು ಎಡಕ್ಕೆ ತಳ್ಳಬೇಕು. ದೋಣಿ ತಿರುಗುವುದು ಮಧ್ಯದಿಂದ, ಮೂತಿ ಬಲಕ್ಕೆ ಹೋದರೆ ಹಿಂಭಾಗ ಎಡಕ್ಕೆ ಬೀಸುತ್ತದೆ. ಇಂಜಿನ್ ತಳ್ಳದಿದ್ದರೆ ಚುಕ್ಕಾಣಿಗೆ ಬಲವೇ ಇಲ್ಲ. ಬ್ರೇಕ್ ಅನ್ನುವುದಿಲ್ಲ, ನಿಲ್ಲಿಸಲು ರಿವರ್ಸ್ ಹಾಕಬೇಕು. ಮೊದಲ ಅರ್ಧ ಗಂಟೆಯಲ್ಲಿ ಎದುರಿಗೆ ದೋಣಿ ಬಂದಾಗ ಗಾಬರಿಯಲ್ಲಿ ಕೋಲನ್ನು ತಪ್ಪು ಕಡೆ ತಳ್ಳಿ, ನಮ್ಮ ಮೂತಿ ಹುಲ್ಲಿಗೆ ನುಗ್ಗಿತು. ತಂಗಿಯ ಮಗ ಕಾಲು ಚಾಚಿ ದಡ ಒದೆಯಲು ಹೋದ, ಎಳೆದು ಕೂರಿಸಿದೆ. ಟನ್‌ಗಟ್ಟಲೆ ತೂಕದ ಕಬ್ಬಿಣ ಅದು, ದಡಕ್ಕೂ ದೋಣಿಗೂ ನಡುವೆ ಕೈಕಾಲು ಯಾವತ್ತೂ ಇಡಬೇಡಿ. ಮಕ್ಕಳಿಗೆ ಲೈಫ್ ಜಾಕೆಟ್ ಬೇಕೇ ಬೇಕು. ಇನ್ನೊಂದು, ಅಲ್ಲಿ ರಸ್ತೆಯಲ್ಲಿ ಎಡಕ್ಕೆ ಹೋದರೂ ಕಾಲುವೆಯಲ್ಲಿ ಬಲಕ್ಕೆ ಸರಿದು ದಾಟಬೇಕು.

ಡುಂಡಾಸ್‌ಗೆ ಮೊದಲು ಸಿಗುವ ಏವನ್‌ಕ್ಲಿಫ್ ಅಕ್ವಡಕ್ಟ್‌ನ ಎರಡೂ ತುದಿಯಲ್ಲಿ ಗಕ್ಕನೆ ತಿರುವು ಇದೆ, ಎದುರಿನವರು ಕಾಣುವುದಿಲ್ಲ, ಹಾರ್ನ್ ಹೊಡೆದು ಮೆಲ್ಲಗೆ ಹೋಗಿ. ಅಲ್ಲಿನ ಪುಟ್ಟ ಸ್ಟೇಷನ್‌ನಲ್ಲಿ ಕೈ ಮಾಡಿದರೆ ಮಾತ್ರ ರೈಲು ನಿಲ್ಲುತ್ತದೆ. ಅದರಾಚೆಗಿನ ಕಾಲುವೆ ಹಿಂದೆ ಸೋರಿ, ವರ್ಷಗಟ್ಟಲೆ ಒಣಗಿ ಬಿದ್ದಿತ್ತು. ಊರಿನವರು, ಸ್ವಯಂಸೇವಕರು ಪಟ್ಟು ಹಿಡಿದು ದುಡಿದಿದ್ದರಿಂದ 1990ರಲ್ಲಿ ಇಡೀ ಕಾಲುವೆ ಮತ್ತೆ ತೆರೆಯಿತು. ಆ ನೀರಿನ ಮೇಲೆ ಹೋಗುವಾಗ ಅದು ನೆನಪಿರಲಿ, ಅಲ್ವಾ?

ಡುಂಡಾಸ್‌ನಲ್ಲಿ ದೋಣಿ ಕಟ್ಟಿ, ಮೆಟ್ಟಿಲಿಳಿದು ಕೆಳಗೆ ಹೋಗಲೇಬೇಕು. ಇಂಜಿನಿಯರ್ ಜಾನ್ ರೆನಿ ಕಟ್ಟಿಸಿದ ಬಾತ್ ಕಲ್ಲಿನ ಸೇತುವೆ, 1805ರಲ್ಲಿ ತೆರೆದದ್ದು. ಕೆಳಗೆ ನದಿ, ಪಕ್ಕದಲ್ಲಿ ರೈಲು, ತಲೆ ಮೇಲೆ ದೋಣಿ! ನಾವು ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು, ಅಲ್ಲೇ ಹುಲ್ಲಿನ ಮೇಲೆ ಕೂತು ತಿಂದೆವು. ದೋಣಿ ತಿರುಗಿಸಲು ಅಲ್ಲೇ ಅಗಲವಾದ ಜಾಗ ಇದೆ, ಎಲ್ಲೆಂದರಲ್ಲಿ ಪ್ರಯತ್ನಿಸಬೇಡಿ, ಅಡ್ಡ ಸಿಕ್ಕಿಕೊಳ್ಳುತ್ತೀರಿ.

ಹೋಗುವಾಗ ಎಷ್ಟು ಹೊತ್ತಾಯಿತು ಅಂತ ಬರೆದಿಟ್ಟುಕೊಳ್ಳಿ, ವಾಪಸಿಗೆ ಅದರ ಮೇಲೆ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಚುಕ್ಕಾಣಿ ಹಿಡಿದವರು ಬಯಲಲ್ಲೇ ನಿಂತಿರುತ್ತಾರೆ, ಜೂನ್ ಆದರೂ ರೇನ್‌ಕೋಟ್ ಬೇಕು. ಛತ್ರಿ ಸುಮ್ನೆ ಹೊರೆ, ಕೈ ಖಾಲಿ ಇರುವುದಿಲ್ಲ.